ಫಿಟ್ಸ್ ಇರೋರ ಮೆದುಳಿನ ಎಕ್ಸೈಟಬಿಲಿಟಿ ಹೊರಗಿಂದಲೇ ಅಳೆಯೋದು ಹೇಗೆ: ಲ್ಯಾಬ್‌ಗೆ ಹೊಸದಾಗಿ ಬಂದೋರಿಗೆ

ಬೆಂಗಳೂರಿನ ನ್ಯೂರೋ ಲ್ಯಾಬ್‌ಗಳಿಗೆ ಈಗ ಇಂಜಿನಿಯರಿಂಗ್ ಓದಿರೋ ಹುಡುಗ್ರು ಹುಡುಗೀರು ತುಂಬಾ ಬರ್ತಿದಾರೆ, ಕೋಡ್ ಬರೆಯೋದ್ರಲ್ಲಿ ಎಲ್ರೂ ಕಿಲಾಡಿಗಳೇ, ಆದ್ರೆ ಎದುರಿಗೆ ಕೂತಿರೋ ಮನುಷ್ಯ ರಾತ್ರಿ ಎಷ್ಟೊತ್ತು ಮಲಗಿದ್ದ ಅಂತ ಕೇಳೋಕೆ ಮರೀತಾರೆ. ಈ ಕೆಲ್ಸದಲ್ಲಿ ಅರ್ಧ ಉತ್ತರ ಅಲ್ಲೇ ಇರೋದು. ಮೆದುಳು ಎಷ್ಟು ಬೇಗ ಕೆರಳುತ್ತೆ ಅನ್ನೋದು ಎತ್ತರ ತೂಕದ ಥರ ಒಂದೇ ಕಡೆ ನಿಲ್ಲೋ ನಂಬರ್ ಅಲ್ಲ, ನಿದ್ದೆ ಕೆಟ್ರೆ ಏರುತ್ತೆ, ಮಾತ್ರೆ ತಗೊಂಡ್ರೆ ಇಳಿಯುತ್ತೆ, ಎದ್ದು ಹೊತ್ತಾದಷ್ಟೂ ಮೆಲ್ಲಗೆ ಏರ್ತಾನೇ ಇರುತ್ತೆ.

ಅದಕ್ಕೇ ಮಷೀನ್ ಆನ್ ಮಾಡೋ ಮುಂಚೆ ಕೇಳ್ಬೇಕಾದ್ದು ಕೇಳಿ ಬರ್ಕೊಳ್ಳಿ. ಕೊನೇ ಸಲ ಫಿಟ್ಸ್ ಬಂದಿದ್ದು ಯಾವಾಗ, ಯಾವ ಮಾತ್ರೆ, ಇವತ್ತು ಎಷ್ಟು ಗಂಟೆಗೆ ತಗೊಂಡ್ರು, ಕಾಫಿ ಕುಡಿದ್ರಾ, ರಾತ್ರಿ ಎಲ್ಲಿ ಮಲಗಿದ್ರು. ಕೊನೇ ಪ್ರಶ್ನೆ ತಮಾಷೆಗಲ್ಲ. ಕೊಳ್ಳೇಗಾಲದಿಂದಲೋ ಹಾಸನದಿಂದಲೋ ರಾತ್ರಿ ಬಸ್ ಹತ್ತಿ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು ಸೀದಾ ಬಂದಿರೋರಿಗೆ ನಿದ್ದೆಯೇ ಆಗಿರಲ್ಲ, ಅವರ ರೀಡಿಂಗ್‌ನ ಜಯನಗರದಲ್ಲಿ ಚೆನ್ನಾಗಿ ನಿದ್ದೆ ಮಾಡಿ ಬಂದೋರ ರೀಡಿಂಗ್ ಪಕ್ಕ ಇಟ್ರೆ ನೀವು ಅಳೆದಿದ್ದು ಕಾಯಿಲೆ ಅಲ್ಲ, ಬಸ್ಸು. ಟೆಸ್ಟಿಗೋಸ್ಕರ ಮಾತ್ರೆ ಬಿಡಿ ಅಂತ ಮಾತ್ರ ನೀವಾಗಿ ಯಾರಿಗೂ ಹೇಳ್ಬೇಡಿ, ಅದು ಡಾಕ್ಟರ್ ತೀರ್ಮಾನ.

ಇನ್ನು ತಲೆ ಸ್ನಾನ. ಕೊಬ್ಬರಿ ಎಣ್ಣೆ ಇದ್ರೆ ಇಇಜಿಗೆ (ಮೆದುಳಿನ ವಿದ್ಯುತ್ ಅಲೆಗಳ ರೆಕಾರ್ಡಿಂಗ್) ತಲೆಗೆ ಅಂಟಿಸೋ ಎಲೆಕ್ಟ್ರೋಡ್ ಕೂರಲ್ಲ, ಇಂಪೀಡೆನ್ಸ್ (ಕರೆಂಟಿಗೆ ಆಗೋ ತಡೆ) 5 ಕಿಲೋಓಮ್‌ಗಿಂತ ಕೆಳಗೆ ಇಳಿಸೋಕೆ ಒದ್ದಾಡ್ತೀರ, ಹಾಗಾಗಿ ಹಿಂದಿನ ದಿನ ಶಾಂಪೂ ಹಾಕ್ಕೊಂಡು ಬನ್ನಿ ಅಂತ ಎಲ್ರಿಗೂ ಹೇಳ್ತೀವಿ. ಆದ್ರೆ ನಮ್ಮ ಕಡೆ, ಅದರಲ್ಲೂ ಮೈಸೂರು ಮಂಡ್ಯ ಸೀಮೆಯಲ್ಲಿ, ತಲೆ ಮೇಲೆ ಬಿಸಿನೀರು ಹುಯ್ಕೊಂಡಾಗಲೇ ಫಿಟ್ಸ್ ಬರೋರು ಇದ್ದಾರೆ, ನಿಮ್ಹಾನ್ಸ್‌ನಲ್ಲಿ ಇದರ ಮೇಲೆ ವರ್ಷಗಟ್ಟಲೆ ಕೆಲ್ಸ ಆಗಿದೆ. ಅಂಥೋರಿಗೆ ನೀರು ಉಗುರುಬೆಚ್ಚಗಿರ್ಲಿ, ಮನೇಲಿ ಯಾರಾದ್ರೂ ಜೊತೆಗಿರ್ಲಿ ಅಂತ ಬಿಡಿಸಿ ಹೇಳಿ. ಇನ್ನೊಂದು, ಇವರಲ್ಲಿ ಕೆಲವರಿಗೆ ತಲೆ ಸ್ನಾನಕ್ಕೆ ಮುಂಚೆ ಮಾತ್ರ ಕ್ಲೋಬಜಾಮ್ ಅನ್ನೋ ಫಿಟ್ಸ್ ಮಾತ್ರೆ ತಗೊಳ್ಳಿ ಅಂತ ಬರ್ಕೊಟ್ಟಿರ್ತಾರೆ, ನಿಮ್ಮ ಮಾತಿಗೆ ತಲೆಗೆ ನೀರು ಹಾಕ್ಕೊಂಡು ಬಂದಿರೋರು ಆ ಮಾತ್ರೆನೂ ನುಂಗಿ ಬಂದಿರ್ತಾರೆ, ಅದು ಇಇಜಿಯಲ್ಲಿ ಬೀಟಾ ಅನ್ನೋ ವೇಗದ ಅಲೆಗಳನ್ನ ಜಾಸ್ತಿ ಮಾಡುತ್ತೆ, ಟಿಎಂಎಸ್ (ಕಾಂತೀಯ ಪಲ್ಸ್‌ನಿಂದ ಮೆದುಳನ್ನ ಕೆರಳಿಸಿ ನೋಡೋ ಟೆಸ್ಟ್) ರೀಡಿಂಗನ್ನೂ ಬದಲಾಯಿಸುತ್ತೆ. ಕೇಳದೇ ಹೋದ್ರೆ ಗೊತ್ತೇ ಆಗಲ್ಲ.

ಈಗ ಟಿಎಂಎಸ್. 1985ರಲ್ಲಿ ಶೆಫೀಲ್ಡ್‌ನಲ್ಲಿ ಬಾರ್ಕರ್ ತಂಡ ತೋರಿಸಿದ ವಿಧಾನ ಇದು, ತಲೆ ಮೇಲೆ ಕಾಯಿಲ್ ಇಟ್ಟು ಕಾಂತೀಯ ಪಲ್ಸ್ ಕೊಟ್ರೆ ಕೈ ಬೆರಳು ಟಕ್ ಅಂತ ಅಲ್ಲಾಡುತ್ತೆ. ತಲೇಲಿ ಲೋಹದ ಕ್ಲಿಪ್, ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳಿಸೋಕೆ ಒಳಗೆ ಕೂರಿಸೋ ಸಾಧನ), ಎದೇಲಿ ಪೇಸ್‌ಮೇಕರ್ ಇದ್ರೆ ಇಲ್ಲಿಗೇ ನಿಲ್ಲಿಸಿ. ಸಿಂಗಲ್ ಪಲ್ಸ್‌ನಿಂದ ಫಿಟ್ಸ್ ಬರೋದು ಅಪರೂಪ, ಆದ್ರೂ ಎಥಿಕ್ಸ್ ಕಮಿಟಿ ಒಪ್ಪಿಗೆ, ಪಕ್ಕದಲ್ಲಿ ಡಾಕ್ಟರ್, ಕೈಗೆ ಸಿಗೋ ಹಾಗೆ ಫಿಟ್ಸ್ ನಿಲ್ಲಿಸೋ ಔಷಧಿ ಮಿಡಜೋಲಮ್, ಕಿವಿಗೆ ಇಯರ್‌ಪ್ಲಗ್, ಇಷ್ಟಿಲ್ದೆ ಶುರು ಮಾಡ್ಬೇಡಿ.

ಹೆಬ್ಬೆರಳು ತೋರುಬೆರಳ ಮಧ್ಯದ ಮಾಂಸಖಂಡಕ್ಕೆ ಇಎಂಜಿ (ಮಾಂಸಖಂಡದ ವಿದ್ಯುತ್ ಅಳೆಯೋ) ಎಲೆಕ್ಟ್ರೋಡ್ ಅಂಟಿಸಿ, ಎಂಟರ ಆಕಾರದ ಕಾಯಿಲ್‌ನ ಆ ಕೈಯ ಎದುರು ಬದಿಯ ಮೋಟಾರ್ ಏರಿಯಾ (ಕೈಕಾಲು ಆಡಿಸೋ ಮೆದುಳಿನ ಭಾಗ) ಮೇಲೆ, ಹಿಡಿ ಹಿಂದಕ್ಕೆ ಸುಮಾರು 45 ಡಿಗ್ರಿ ವಾಲಿಸಿ ಹಿಡೀರಿ. ಎಲ್ಲಿ ಇಟ್ರೆ ಇಎಂಜಿಯಲ್ಲಿ ಅಲೆ ದೊಡ್ಡದಾಗಿ ಬರುತ್ತೋ ಅಲ್ಲಿ ಕ್ಯಾಪ್ ಮೇಲೆ ಗುರುತು ಹಾಕಿ. ಆಮೇಲೆ ಪವರ್ ಇಳಿಸ್ತಾ ಬನ್ನಿ, 10 ಪಲ್ಸ್‌ನಲ್ಲಿ ಕನಿಷ್ಠ 5 ಸಲ 50 ಮೈಕ್ರೋವೋಲ್ಟ್ ಮೇಲೆ ಬರೋ ಅತಿ ಕಡಿಮೆ ಪವರೇ ರೆಸ್ಟಿಂಗ್ ಮೋಟಾರ್ ಥ್ರೆಶೋಲ್ಡ್. ಕೈ ಸ್ವಲ್ಪ ಬಿಗಿ ಹಿಡಿದ್ರೂ ಥ್ರೆಶೋಲ್ಡ್ ಸುಳ್ಳೇ ಕಮ್ಮಿ ತೋರಿಸುತ್ತೆ, ಅದಕ್ಕೆ ಇಎಂಜಿ ಗೆರೆ ಮಟ್ಟಸವಾಗಿದೆಯಾ ಅಂತ ಪ್ರತಿ ಪಲ್ಸ್‌ಗೂ ಮುಂಚೆ ನೋಡಿ. ಕಾರ್ಬಮಜೆಪಿನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್ ಥರ ಸೋಡಿಯಂ ಚಾನಲ್ ತಡೆಯೋ ಫಿಟ್ಸ್ ಮಾತ್ರೆಗಳು ಈ ನಂಬರ್ ಏರಿಸುತ್ವೆ.

ಥ್ರೆಶೋಲ್ಡ್ ಒಂದರಿಂದ ಕತೆ ಮುಗಿಯಲ್ಲ. ಥ್ರೆಶೋಲ್ಡ್‌ನ 80% ಪವರಲ್ಲಿ ಒಂದು ಸಣ್ಣ ಪಲ್ಸ್ ಕೊಟ್ಟು 2-3 ಮಿಲಿಸೆಕೆಂಡ್ ಆದ್ಮೇಲೆ ದೊಡ್ಡ ಪಲ್ಸ್ ಕೊಟ್ರೆ ಅಲೆ ಚಿಕ್ಕದಾಗ್ಬೇಕು, ಅದು ಗಾಬಾ (ಮೆದುಳಿನ ಕೆರಳಿಕೆ ತಡೆಯೋ ರಾಸಾಯನಿಕ) ಬ್ರೇಕ್ ಕೆಲ್ಸ ಮಾಡ್ತಿರೋದರ ಗುರುತು. ಅಂತರನ 10-15 ಮಿಲಿಸೆಕೆಂಡ್‌ಗೆ ಏರಿಸಿದ್ರೆ ಅಲೆ ದೊಡ್ಡದಾಗುತ್ತೆ. ಅಲೆ ಚಿಕ್ಕದಾಗ್ಬೇಕಾದ ಕಡೆ ಆಗ್ದೇ ಇದ್ರೆ ಬ್ರೇಕ್ ಸಡಿಲ ಅಂತ ಅನುಮಾನ ಪಡಬಹುದು, ಅಷ್ಟೇ. ಜೋಡಿ ಪಲ್ಸ್, ಒಂಟಿ ಪಲ್ಸ್ ಎಲ್ಲಾ ಕಲಸಿ ಕೊಡಿ, ಒಂದು ಸರದಿಗೂ ಮುಂದಿನ ಸರದಿಗೂ ನಡುವಿನ ಗ್ಯಾಪ್ ಹೆಚ್ಚುಕಮ್ಮಿ ಮಾಡ್ತಾ ಇರಿ, ಇಲ್ಲಾಂದ್ರೆ ಪಲ್ಸ್ ಯಾವಾಗ ಬರುತ್ತೆ ಅಂತ ಕೂತಿರೋರಿಗೆ ಅಂದಾಜು ಸಿಕ್ಬಿಡುತ್ತೆ.

ಟಿಎಂಎಸ್ ಇಲ್ದೆ ಬರೀ ಇಇಜಿ ಇದ್ರೂ ಕೆಲ್ಸ ಆಗುತ್ತೆ. 3 ನಿಮಿಷ ಜೋರಾಗಿ ಉಸಿರಾಡಿಸೋದು, 1ರಿಂದ 30 ಹರ್ಟ್ಜ್‌ವರೆಗೆ ಲೈಟ್ ಮಿಣುಕಿಸಿ ನೋಡೋದು ಹಳೇ ದಾರಿ, ಲೈಟ್‌ಗೆ ಇಇಜಿಯಲ್ಲಿ ಸ್ಪೈಕ್ (ಫಿಟ್ಸ್ ಸೂಚಿಸೋ ಚೂಪು ಅಲೆ) ಎದ್ರೆ ತಕ್ಷಣ ಲೈಟ್ ಆರಿಸಿ. ಹೊಸ ದಾರಿ ಅಂದ್ರೆ ಸ್ಪೆಕ್ಟ್ರಂ ಇಳಿಜಾರು (ಫ್ರೀಕ್ವೆನ್ಸಿ ಏರಿದ ಹಾಗೆ ಇಇಜಿ ಪವರ್ ಎಷ್ಟು ಬೇಗ ಇಳಿಯುತ್ತೆ ಅನ್ನೋದು) ನೋಡೋದು, ಚಪ್ಪಟೆ ಆದಷ್ಟೂ ಎಕ್ಸೈಟೇಶನ್ ಕಡೆ ವಾಲಿದೆ ಅಂತಾರೆ. ನಂಗೆ ಇದರ ಮೇಲೆ ಇನ್ನೂ ಪೂರ್ತಿ ನಂಬಿಕೆ ಇಲ್ಲ, ಯಾಕಂದ್ರೆ ಹಲ್ಲು ಕಚ್ಚಿ ಕೂತ್ರೂ ಮಾಂಸಖಂಡದ ನಾಯ್ಸ್‌ನಿಂದ ಇಳಿಜಾರು ಚಪ್ಪಟೆ ಆಗುತ್ತೆ, ಜೊತೆಗೆ ನಮ್ಮ ಕರೆಂಟಿನ 50 ಹರ್ಟ್ಜ್ ಗುಂಯ್‌ಗುಡೋದು ಬೇರೆ. ದವಡೆ ಸಡಿಲ ಬಿಡಿ ಅನ್ನಿ, ಹತ್ತಿರ ಇರೋ ಚಾರ್ಜರ್ ಕಿತ್ತಿಡಿ, ಇಳಿಜಾರಿಗೆ ಗೆರೆ ಕೂರಿಸೋ ಫಿಟ್ಟಿಂಗ್‌ನ 45 ಹರ್ಟ್ಜ್ ಒಳಗೇ ಮುಗಿಸಿ.

ಇಷ್ಟೆಲ್ಲಾ ಮಾಡಿದ್ರೂ ಒಬ್ಬರಿಗೊಬ್ಬರ ನಂಬರ್ ಹೋಲಿಸೋಕೆ ಹೋದ್ರೆ ಗೊಂದಲವೇ, ತಲೆ ಮೇಲಿನ ಕಾಯಿಲ್‌ಗೂ ಮೆದುಳಿಗೂ ಇರೋ ದೂರವೇ ಒಬ್ಬೊಬ್ಬರಿಗೆ ಒಂದೊಂದು ಥರ. ಅದೇ ಮನುಷ್ಯನ್ನ ಮಾತ್ರೆ ಬದಲಾಯಿಸೋ ಮುಂಚೆ ಒಮ್ಮೆ, ಆಮೇಲೆ ಒಮ್ಮೆ, ಅದೇ ಹೊತ್ತಲ್ಲಿ ಕೂರಿಸಿದ್ರೆ ನಂಬರ್ ಮಾತಾಡುತ್ತೆ. ದೂರದಿಂದ ಬರೋರಾದ್ರೆ ಹಿಂದಿನ ದಿನವೇ ಬಂದು ಉಳ್ಕೊಳ್ಳೋಕೆ ಪ್ರಾಜೆಕ್ಟ್ ದುಡ್ಡಲ್ಲಿ ಒಂದು ರೂಮ್ ಕೊಡ್ಸಿ, ಮುಂದಿನ ಅಪಾಯಿಂಟ್‌ಮೆಂಟನ್ನೂ ಅದೇ ಗಂಟೆಗೆ ಬರ್ಕೊಡಿ, ಟೆಸ್ಟ್ ಮುಗಿದ್ಮೇಲೆ ಅರ್ಧ ಗಂಟೆ ಕೂರಿಸಿ, ತಲೆಗೆ ಹತ್ತಿದ ಪೇಸ್ಟ್ ಒರೆಸಿ, ಜೊತೆಗೆ ಬಂದೋರ ಕೈಗೆ ಒಪ್ಸಿ ಕಳಿಸಿ.