ನೂರಕ್ಕೆ ಆರು ಬಂಗಡೆ

ಮಕ್ಕಳನ್ನು ಊರೊಳಗೆ ಮೊದಲ ಸಲ ಕರೆದುಕೊಂಡು ಹೋದದ್ದು ಅಂಚೆ ಕಚೇರಿಗೆ. ಇಬ್ಬಿಬ್ಬರು ಕೈ ಹಿಡಿದು ಸಾಲಾಗಿ ಹೋದೆವು, ಸಾಲಾಗಿ ನಿಂತೆವು. ಅಂಚೆಯವರು ಮುದ್ರೆ ಒತ್ತಿ ತೋರಿಸಿದರು, ಎಲ್ಲರ ಕೈಗೂ ಒಂದೊಂದು ಪೆಪ್ಪರಮಿಂಟು ಇಟ್ಟರು. ಮರಳಿ ಬಂದ ಮೇಲೆ ನೋಡಿದ್ದರ ಚಿತ್ರ ಬಿಡಿಸಿ ಎಂದೆ. 22 ಮಕ್ಕಳಲ್ಲಿ 17 ಮಕ್ಕಳು ಪೆಪ್ಪರಮಿಂಟು ಬಿಡಿಸಿದ್ದರು. ಒಬ್ಬ ಮಾತ್ರ ದಾರಿಯಲ್ಲಿ ಸತ್ತು ಬಿದ್ದಿದ್ದ ಏಡಿಯನ್ನು ಹತ್ತೂ ಕಾಲುಗಳ ಸಮೇತ ಬಿಡಿಸಿದ್ದ. ಮುದ್ರೆಯೂ ಇಲ್ಲ, ಅಂಚೆಪೆಟ್ಟಿಗೆಯೂ ಇಲ್ಲ.

ಕುಮಟಾ ತಾಲ್ಲೂಕಿನಲ್ಲಿ ಅಘನಾಶಿನಿ ಸಮುದ್ರಕ್ಕೆ ಹತ್ತಿರವಾಗುವ ಕಡೆ, ಒಂದು ಚಿಕ್ಕ ಸರಕಾರಿ ಶಾಲೆಯಲ್ಲಿ ನಾನು ನಲಿಕಲಿ ತರಗತಿ ನಡೆಸುತ್ತೇನೆ. ಒಂದರಿಂದ ಮೂರನೆಯ ತರಗತಿಯವರೆಗಿನವರು ಒಂದೇ ಕೋಣೆಯಲ್ಲಿ, ಚಾಪೆಯ ಮೇಲೆ, ಕಾರ್ಡುಗಳ ನಡುವೆ ಕುಳಿತು ಕಲಿಯುತ್ತಾರೆ. ಊರಿಗೆಲ್ಲ ನಾನು ‘ಅಕ್ಕೋರು’. ನಮ್ಮ ಜಿಲ್ಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಕರೆಯುವುದೇ ಹಾಗೆ.

ಅಂಚೆ ಕಚೇರಿಯಲ್ಲಿ ತಪ್ಪಿದ್ದು ಏನೆಂದು ನನಗೆ ತಿಳಿಸಿಕೊಟ್ಟವರು ಶಾಲೆಯ ಎದುರಿನ ಕಟ್ಟೆಯ ಪಕ್ಕ ಬುಟ್ಟಿ ಇಳಿಸುವ ಮೀನಿನ ಅಜ್ಜಿ. ಒಂದು ದಿನ ಗಿರಾಕಿಗಳು ಒಟ್ಟಿಗೆ ಬಂದು ಮುತ್ತಿಕೊಂಡಾಗ, ಗೇಟಿನಲ್ಲಿ ನಿಂತಿದ್ದ ಎರಡನೆಯ ತರಗತಿಯ ಹುಡುಗನನ್ನು ಕರೆದು, ‘ಬಾ ಮಗನೇ, ಆರಾರು ಎಣಿಸಿ ಹಾಕು’ ಎಂದರು. ಅಂದು ಬಂಗಡೆ ನೂರು ರೂಪಾಯಿಗೆ ಆರು. ತರಗತಿಯಲ್ಲಿ ಇಪ್ಪತ್ತು ದಾಟದೆ ಒದ್ದಾಡುತ್ತಿದ್ದ ಆ ಹುಡುಗ, ಅಜ್ಜಿ ಚಿಲ್ಲರೆ ಹುಡುಕುವಷ್ಟರಲ್ಲಿ ಐದು ಪಾಲು ಮಾಡಿ, ಮೂವತ್ತಾಯಿತು ಎಂದು ಹೇಳಿಯೂ ಬಿಟ್ಟ. ಅವನು ಎಣಿಸಿದ್ದು ಕೊಂಕಣಿಯಲ್ಲಿ. ನಾನು ಒಂದು ವರ್ಷದಿಂದ ಅವನಿಗೆ ಲೆಕ್ಕ ಬರುವುದಿಲ್ಲ ಎಂದು ಬರೆದುಕೊಂಡು ಬಂದಿದ್ದೆ. ಅವನಿಗೆ ಬಾರದಿದ್ದದ್ದು ಕನ್ನಡದ ಅಂಕಿಗಳ ಹೆಸರು.

ಕೊಂಕಣಿಯಲ್ಲಿ ಹತ್ತೊಂಬತ್ತಕ್ಕೆ ‘ಎಕುಣೀಸ್’ ಎನ್ನುತ್ತಾರೆ. ಇಪ್ಪತ್ತಕ್ಕೆ ಒಂದು ಕಡಿಮೆ ಎಂಬ ಅರ್ಥ ಆ ಹೆಸರಿನೊಳಗೇ ಇದೆ. ಮರುದಿನ ಅದನ್ನು ಹಲಗೆಯ ಮೇಲೆ 20 - 1 ಎಂದು ಬರೆದಾಗ, ಮನೆಯಲ್ಲಿ ಕೊಂಕಣಿ ಆಡುವ ಆರು ಮಕ್ಕಳು ಕಳೆಯುವ ಲೆಕ್ಕವನ್ನು ನಾನು ಹೇಳಿಕೊಡುವ ಮೊದಲೇ ಹಿಡಿದುಬಿಟ್ಟರು. ಕನ್ನಡ ಮಾತ್ರ ಬಲ್ಲ ಹಾಲಕ್ಕಿ ಸಮುದಾಯದ ಮಕ್ಕಳಿಗೆ ಅಸೂಯೆಯಾಗಿ, ಅವರೂ ಕೊಂಕಣಿಯ ಅಂಕಿಗಳನ್ನು ಕಲಿತರು. ಅದು ಪಠ್ಯದಲ್ಲಿಲ್ಲ, ನಾನು ತಡೆಯಲೂ ಇಲ್ಲ.

ಅಲ್ಲಿಂದ ಮುಂದೆ ನಾನು ಒಂದೇ ನಿಯಮ ಇಟ್ಟುಕೊಂಡೆ. ಮಕ್ಕಳಿಗೆ ಮಾಡಲು ನಿಜವಾದ ಕೆಲಸವಿಲ್ಲದ ಕಡೆಗೆ ಅವರನ್ನು ಕರೆದುಕೊಂಡು ಹೋಗುವುದಿಲ್ಲ. ಕೆಲಸ ಚಿಕ್ಕದಿರಲಿ, ಆದರೆ ಅದನ್ನು ಮಾಡದಿದ್ದರೆ ಯಾರಿಗಾದರೂ ಸ್ವಲ್ಪವಾದರೂ ಅಡಚಣೆಯಾಗಬೇಕು. ಇಡೀ ತರಗತಿಯನ್ನು ಹೊರಡಿಸುವುದನ್ನೂ ಬಿಟ್ಟೆ. ಕಟ್ಟೆಗೆ ಒಂದು ದಿನಕ್ಕೆ ಮೂವರು, ಹದಿನೈದು ನಿಮಿಷ, ಅಷ್ಟೇ. ಒಬ್ಬರು ಎಣಿಸುತ್ತಾರೆ, ಒಬ್ಬರು ಸ್ಲೇಟಿನಲ್ಲಿ ಬರೆಯುತ್ತಾರೆ, ಮೂರನೆಯವರು ಬುಟ್ಟಿಯಲ್ಲಿ ಇನ್ನೆಷ್ಟಿವೆ ಎಂದು ನೋಡಿ ಅಂದಾಜು ಹೇಳುತ್ತಾರೆ. ಮೀನು ಮುಟ್ಟದ ಮನೆಯ ಹುಡುಗಿಯೊಬ್ಬಳಿದ್ದಾಳೆ; ಅವಳ ಅಜ್ಜಿ ಶಾಲೆಗೇ ಬಂದು ಆಕ್ಷೇಪಿಸಿದರು. ಅವಳಿಗೆ ಯಾವಾಗಲೂ ಸ್ಲೇಟಿನ ಕೆಲಸವನ್ನೇ ಕೊಟ್ಟೆ. ಈಗ ಆ ಮೂವರಲ್ಲಿ ದರದ ಏರಿಳಿತವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳೇ. ಬಲೆಗೆ ಹೆಚ್ಚು ಬಿದ್ದ ದಿನ ನೂರಕ್ಕೆ ಹದಿನೈದು ಕೊಡುವ ಮೀನಿನ ಅಜ್ಜಿ, ಇಲ್ಲದ ದಿನ ನಾಲ್ಕೇ ಕೊಡುವುದೇಕೆ ಎಂದು ಕೇಳಿ, ಅಜ್ಜಿಯಿಂದಲೇ ಉತ್ತರ ಪಡೆದು ಬಂದಳು.

ವರ್ಷದ ಲೆಕ್ಕ ಹಾಕುವಾಗ ಶಾಲೆಯ ಕ್ಯಾಲೆಂಡರಿಗಿಂತ ಊರಿನ ಕ್ಯಾಲೆಂಡರನ್ನು ಮುಂದಿಟ್ಟುಕೊಳ್ಳಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಬುಟ್ಟಿಯಲ್ಲಿ ಹೆಚ್ಚಾಗಿ ಒಣಮೀನು. ಆ ತಿಂಗಳುಗಳಲ್ಲಿ ನಾವು ಗಜನಿಯ, ಅಂದರೆ ಹೊಳೆಯಂಚಿನ ಉಪ್ಪುನೀರಿನ ಗದ್ದೆಗಳ ಕಡೆಗೆ ಹೋಗುತ್ತೇವೆ. ಉಪ್ಪುನೀರು ತಡೆದುಕೊಂಡು ಬೆಳೆಯುವ ಕಗ್ಗ ಭತ್ತ ಬಿತ್ತುವ ಹೊತ್ತು ಅದು. ಕಟ್ಟಿನ ಮೇಲೆ ನಿಂತು ಜಂತ್ರಡಿ ಎಂಬ ತೂಬಿನ ಹಲಗೆಗಳನ್ನು ನೋಡಿದ ಮಕ್ಕಳು, ಒಳಗಿನ ನೀರು ಇಳಿತದಲ್ಲಿ ಹೊರಗೆ ಹೋಗುವುದನ್ನೂ, ಉಬ್ಬರದಲ್ಲಿ ಹೊರಗಿನ ನೀರು ಒಳಗೆ ಬಾರದಂತೆ ತಡೆಯುವುದನ್ನೂ ಮಾರನೆಯ ದಿನ ಅಂಗಳದಲ್ಲಿ ಮಣ್ಣು ಕಟ್ಟಿ, ರಟ್ಟು ನಿಲ್ಲಿಸಿ ಮಾಡಿ ತೋರಿಸಿದರು. ರಟ್ಟು ನೆಂದು ಕುಸಿಯಿತು. ಅದಕ್ಕೆ ಮರವೇ ಆಗಬೇಕು ಎಂದವನು ಏಡಿ ಬಿಡಿಸಿದ್ದ ಹುಡುಗ.

ಬಳಚು ಎಂಬ ಚಿಪ್ಪುಮೀನು ತೆಗೆಯುವ ಕಡೆ ನಾನು ಬಹಳ ಬಿಗಿ. ಮಕ್ಕಳು ದಂಡೆಯಲ್ಲಿಯೇ ಇರಬೇಕು, ಜೊತೆಗೆ ಇಬ್ಬರು ದೊಡ್ಡವರು, ಕಾಲಲ್ಲಿ ಚಪ್ಪಲಿ. ಚಿಪ್ಪಿನ ಅಂಚು ಅಂಗಾಲನ್ನು ಕೊಯ್ಯುತ್ತದೆ. ಮುಖ್ಯ ಶಿಕ್ಷಕರ ಮತ್ತು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯದೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ದೊಡ್ಡವರು ತಂದು ಸುರಿದದ್ದನ್ನು ದೊಡ್ಡದು, ಚಿಕ್ಕದು ಎಂದು ಬೇರ್ಪಡಿಸಿ, ತೀರ ಚಿಕ್ಕದನ್ನು ನೀರಿಗೆ ಮರಳಿಸುವುದು ಮಕ್ಕಳ ಕೆಲಸ. ಖಾಲಿ ಚಿಪ್ಪುಗಳನ್ನು ತೊಳೆದು ಹತ್ತರ ಕಟ್ಟುಗಳಾಗಿ ಚೀಲಕ್ಕೆ ತುಂಬಿ ಇಟ್ಟಿದ್ದೇವೆ. ಪ್ಲಾಸ್ಟಿಕ್ ಮಣಿಗಳನ್ನು ಈಗ ಯಾರೂ ಕೇಳುವುದಿಲ್ಲ.

ಎಲ್ಲರೂ ಇದನ್ನು ಮೆಚ್ಚಿದ್ದಾರೆಂದು ಹೇಳಿದರೆ ಸುಳ್ಳಾಗುತ್ತದೆ. ಪಾಲಕರ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, ‘ಅಕ್ಕೋರೇ, ಮೀನು ಎಣಿಸುವುದು ನಮಗೆ ಗೊತ್ತಿಲ್ಲವೇ? ಅದು ಅವನಿಗೆ ಬೇಡವೆಂದಲ್ಲವೇ ಶಾಲೆಗೆ ಕಳಿಸುವುದು?’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬಂಗಡೆಯ ಬುಟ್ಟಿಯಲ್ಲಿ ನನಗೆ ಕಾಣುವ ಗಣಿತ, ಬೆಳಿಗ್ಗೆ ನಾಲ್ಕಕ್ಕೆ ಎದ್ದು ಬಂದರಿಗೆ ಹೋಗುವವರಿಗೆ ಸೊಂಟನೋವಾಗಿಯೇ ಕಾಣುತ್ತದೆ. ಆ ದಿನ ಸುಮ್ಮನಿದ್ದೆ. ಮುಂದಿನ ವಾರದಿಂದ ಒಂದು ಬದಲಾವಣೆ ಮಾಡಿದೆ: ಕಟ್ಟೆಯ ಮೇಲೆ ಏನೇ ಮಾಡಿದರೂ ಅದು ಕನ್ನಡದಲ್ಲಿ ಕಾಗದಕ್ಕೆ ಇಳಿದ ಮೇಲೆಯೇ ಮುಗಿಯಬೇಕು, ಆ ಕಾಗದ ಮನೆಗೆ ಹೋಗಬೇಕು. ಆ ತಾಯಿಗೆ ಈಗಲೂ ಪೂರ್ತಿ ಸಮಾಧಾನವಿಲ್ಲ. ಆದರೆ ಮಗ ಬರೆದ ಕಾಗದಗಳನ್ನು ಅಕ್ಕಿ ಡಬ್ಬದ ಮೇಲೆ ಒಟ್ಟಿ ಇಟ್ಟಿರುವುದನ್ನು ಮನೆ ಭೇಟಿಗೆ ಹೋದಾಗ ನೋಡಿದೆ.

ಮೀನಿನ ಅಜ್ಜಿಗೆ ಈಗ ಮೊಬೈಲಿಗೂ ದುಡ್ಡು ಬರುತ್ತದೆ. ಅವರಿಗೆ ಅಕ್ಷರ ಬರುವುದಿಲ್ಲ. ಸಂದೇಶ ಬಂದಾಗಲೆಲ್ಲ ಕಟ್ಟೆಯಲ್ಲಿದ್ದ ಮಗುವಿನ ಕೈಗೆ ಮೊಬೈಲ್ ಕೊಟ್ಟು ಓದಿಸುತ್ತಾರೆ. ನಂಬಿಕೆ ಸಾಲದೆ ಇನ್ನೊಂದು ಮಗುವಿನಿಂದ ಮತ್ತೆ ಓದಿಸುತ್ತಾರೆ. 150ನ್ನು 105 ಎಂದು ಓದಿದವಳಿಗೆ ಅಜ್ಜಿಯಿಂದ ಬಿದ್ದ ಬೈಗುಳ ನನ್ನ ಹತ್ತು ಕಾರ್ಡುಗಳಿಗೆ ಸಮ. ಸ್ಥಾನಬೆಲೆ ಆಕೆಗೆ ಮತ್ತೆಂದೂ ತಪ್ಪಲಿಲ್ಲ.

ಬರುವ ಶನಿವಾರ ಬ್ಯಾಗಿಲ್ಲದ ದಿನ, ಬಳಚಿನ ದಂಡೆಗೆ ಹೋಗಬೇಕು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ ಎಂದು ಹೇಳಿಕೊಟ್ಟಿದ್ದೆ. ಮೂರನೆಯ ತರಗತಿಯ ಹುಡುಗಿಯೊಬ್ಬಳು ಮಂಗಳವಾರದಿಂದ ಬೆರಳು ಮಡಚಿ ಲೆಕ್ಕ ಹಾಕಿ, ಶನಿವಾರ ಒಂಬತ್ತೂವರೆಗೆ ಇಳಿತ ಎಂದಿದ್ದಾಳೆ. ಅವಳ ಅಜ್ಜ ದೋಣಿಯವರು. ಅವರು ಹತ್ತು ಎನ್ನುತ್ತಾರೆ. ಇಬ್ಬರೂ ಪಟ್ಟು ಬಿಡುತ್ತಿಲ್ಲ. ಒಂಬತ್ತಕ್ಕೇ ಹೋಗಿ ಒಂದು ಕೋಲು ನೆಟ್ಟು ಕುಳಿತುಕೊಳ್ಳುವುದೆಂದು ತೀರ್ಮಾನವಾಗಿದೆ. ಗಡಿಯಾರ ತರುವ ಜವಾಬ್ದಾರಿ ನನ್ನದು.