ಮೇಯಲು ಹೋದ ದನ ಎಲ್ಲಿದೆ? ಲೋರಾ ಕೊರಳಪಟ್ಟಿ ಮಾಡುವ ಬಗೆ

ಮಲೆನಾಡು ಗಿಡ್ಡ ದನಗಳನ್ನು ಬೆಳಿಗ್ಗೆ ಬಿಟ್ಟರೆ ಬ್ಯಾಣ, ಸೊಪ್ಪಿನಬೆಟ್ಟ ಸುತ್ತಿ ಸಂಜೆ ತಾವಾಗಿಯೇ ಕೊಟ್ಟಿಗೆಗೆ ಬರುತ್ತವೆ. ಬಾರದಿದ್ದ ದಿನ ಮಾತ್ರ ಮನೆಮಂದಿಯೆಲ್ಲ ಟಾರ್ಚ್ ಹಿಡಿದು ಹೊರಡಬೇಕು. ಮೊಬೈಲ್ ಸಿಗ್ನಲ್ಲೇ ಸಿಗದ ಕಾಡಿನಲ್ಲಿ ಸಿಮ್ ಹಾಕುವ ಟ್ರ್ಯಾಕರ್ ಇದ್ದೂ ಇಲ್ಲದಂತೆ. ಅಂಥ ಕಡೆ ಲೋರಾ ರೇಡಿಯೊ ಕೈಹಿಡಿಯುತ್ತದೆ. ಚಿಕ್ಕ ಸಂದೇಶವನ್ನು ಕಡಿಮೆ ವಿದ್ಯುತ್ತಿನಲ್ಲಿ ದೂರಕ್ಕೆ ಮುಟ್ಟಿಸುತ್ತದೆ. ರೀಚಾರ್ಜ್ ಗೋಜಿಲ್ಲ.

ಮೊದಲು ಬೋರ್ಡ್. ದನಕ್ಕೊಂದು, ಮನೆಗೊಂದು ಎಂದು ಎರಡು ಬೇಕು. ಇಎಸ್‌ಪಿ32 ಎಂಬ ಚಿಪ್, ಲೋರಾ, ಜಿಪಿಎಸ್ ಒಟ್ಟಿಗಿರುವ ಬೋರ್ಡ್ ದನಕ್ಕೆ. ಮನೆಯದಕ್ಕೆ ಜಿಪಿಎಸ್ ಬೇಡ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865–868 ಮೆಗಾಹರ್ಟ್ಸ್. 433 ಅಥವಾ 915ರದ್ದು ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ. ಆಂಟೆನಾ ಕೂರಿಸದೆ ಎಂದೂ ಆನ್ ಮಾಡಬೇಡಿ, ರೇಡಿಯೊ ಸುಟ್ಟುಹೋಗಬಹುದು.

ಆಮೇಲೆ ಎರಡಕ್ಕೂ ಮೆಷ್‌ಟಾಸ್ಟಿಕ್ ಎಂಬ ಉಚಿತ ತಂತ್ರಾಂಶ ಹಾಕಿ, ಪ್ರದೇಶ ಕೇಳಿದಾಗ ಭಾರತ ಆರಿಸಿ. ಮನೆಯ ಬೋರ್ಡಿಗೆ ಬ್ಲೂಟೂತ್‌ನಲ್ಲಿ ಫೋನ್ ಜೋಡಿಸಿದರೆ ದನದ ಜಾಗ ಆ್ಯಪ್‌ನಲ್ಲಿ ಕಾಣುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಕೆಲಸ. ದನಕ್ಕೆ ಕಟ್ಟುವ ಮೊದಲು ಆ ಬೋರ್ಡನ್ನು ನೀವೇ ಹಿಡಿದುಕೊಂಡು ದನ ಮೇಯುವ ಜಾಗವನ್ನೆಲ್ಲ ನಡೆದು ಬನ್ನಿ. ಬಯಲಿನಲ್ಲಿ ಹಲವು ಕಿಲೋಮೀಟರ್ ಹೋಗುವ ಲೋರಾ, ನಡುವೆ ಒಂದು ಗುಡ್ಡ ಬಂದರೆ ಅಲ್ಲೇ ನಿಲ್ಲಬಹುದು. ಮಳೆಯಲ್ಲಿ ನೆಂದ ದಟ್ಟ ಸೊಪ್ಪೂ ಅದನ್ನು ತಡೆಯುತ್ತದೆ. ಹಾಗಾಗಿ ಈ ಸುತ್ತಾಟವನ್ನು ಮಳೆಗಾಲದಲ್ಲೂ ಒಮ್ಮೆ ಮಾಡಿ. ಎಲ್ಲಿ ಸಂದೇಶ ತಪ್ಪಿತೋ ಗುರುತು ಹಾಕಿಕೊಳ್ಳಿ. ಮನೆಯ ಬೋರ್ಡನ್ನು ಮಾಡಿನ ತುದಿಗೆ ಏರಿಸಿದರೇ ಎಷ್ಟೋ ಸರಿಹೋಗುತ್ತದೆ. ಆದರೂ ಕಣಿವೆಯೊಂದು ಉಳಿಯಿತೇ? ಎರಡೂ ಕಡೆ ಕಾಣುವ ದಿಣ್ಣೆಯ ಮೇಲೆ ಸಣ್ಣ ಸೋಲಾರ್ ಪ್ಯಾನೆಲ್ ಜೊತೆ ಇನ್ನೊಂದು ಬೋರ್ಡ್ ಇಡಿ. ಸಂದೇಶವನ್ನು ಅದು ಮುಂದಕ್ಕೆ ದಾಟಿಸುತ್ತದೆ. ಎರಡನೇ ಕೊರಳಪಟ್ಟಿಗಿಂತ ಇದಕ್ಕೆ ದುಡ್ಡು ಹಾಕುವುದೇ ಜಾಣತನ.

ಬ್ಯಾಟರಿ ಉಳಿಯಬೇಕಾದರೆ ಜಿಪಿಎಸ್ ಸದಾ ಎಚ್ಚರವಿರಬಾರದು. ಹಗಲು ಅರ್ಧ ಗಂಟೆಗೊಮ್ಮೆ ಜಾಗ ತಿಳಿಸಿದರೆ ಸಾಕು, ದನ ಓಡುವ ಬಸ್ಸಲ್ಲ ಅಲ್ವಾ?

ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲೇ ಎಲ್ಲವನ್ನೂ ಕೂರಿಸಿ. ಲೋಹದ ಡಬ್ಬಿ ಸಿಗ್ನಲ್ ತಡೆಯುತ್ತದೆ. ಜಿಪಿಎಸ್ ಆಕಾಶ ನೋಡುವಂತೆ ಡಬ್ಬಿ ಕತ್ತಿನ ಮೇಲ್ಭಾಗದಲ್ಲಿರಲಿ, ಅದು ಜಾರದಂತೆ ಪಟ್ಟಿಯ ಕೆಳಗೆ ಭಾರ ಕಟ್ಟಿ. ಗುಂಪು ಯಾವ ಹಸುವಿನ ಹಿಂದೆ ಹೋಗುತ್ತದೋ ಅದಕ್ಕೇ ಮೊದಲ ಪಟ್ಟಿ. ಎರಡು ಬೆರಳು ಆಡುವಷ್ಟು ಸಡಿಲ ಇರಲಿ. ಮಳೆಗಾಲದಲ್ಲಿ ಪಟ್ಟಿಯಡಿ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಸಂಜೆ ಬಂದಾಗ ಕೈಯಾಡಿಸಿ ನೋಡಿ. ಕೆಂಪಾಗಿದ್ದರೆ ಅವತ್ತೇ ಬಿಚ್ಚಿಬಿಡಿ.