ಪುಟ್ಟ ಮಕ್ಕಳ ಜೊತೆ ದಕ್ಷಿಣ ಆಫ್ರಿಕಾ ಪ್ರವಾಸ: ಪ್ಲಾನ್ ಮಾಡುವುದು ಹೇಗೆ?

ದಕ್ಷಿಣ ಆಫ್ರಿಕಾ ಅಂದ ಕೂಡಲೇ ಎಲ್ಲರೂ ಮೊದಲು ಹೇಳುವುದು ಕ್ರೂಗರ್ ಕಾಡಿನ ಹೆಸರು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ದಯವಿಟ್ಟು ಅಲ್ಲಿಂದ ಶುರು ಮಾಡಬೇಡಿ. ನಿಮ್ಮ ಮನೆಯ ಎಲ್ಲರಿಗಿಂತ ಚಿಕ್ಕ ಮಗುವಿಗೆ ಎಷ್ಟು ವಯಸ್ಸು ಅನ್ನುವುದರಿಂದ ಶುರು ಮಾಡಿ. ಯಾವ ಊರು, ಯಾವ ತಿಂಗಳು, ಯಾವ ವಿಮಾನ ಅನ್ನುವುದೆಲ್ಲ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಗೈಡ್ ಕರೆದುಕೊಂಡು ಹೋಗುವ ತೆರೆದ ಸಫಾರಿ ವಾಹನಕ್ಕೆ 6 ವರ್ಷದೊಳಗಿನ ಮಕ್ಕಳನ್ನು ಹತ್ತಿಸುವುದಿಲ್ಲ. ಗೈಡ್ ಜೊತೆ ಕಾಡಿನಲ್ಲಿ ನಡೆದು ಹೋಗಬೇಕೆಂದರೆ 12 ಆಗಿರಬೇಕು. ಖಾಸಗಿ ಲಾಡ್ಜ್‌ಗಳಲ್ಲಿ ಒಂದೊಂದು ಕಡೆ ಒಂದೊಂದು ನಿಯಮ. ಕೆಲವರು ಚಿಕ್ಕ ಮಕ್ಕಳಿದ್ದರೆ ರೂಮೇ ಕೊಡುವುದಿಲ್ಲ, ಹಾಗಾಗಿ ದುಡ್ಡು ಕಟ್ಟುವ ಮುಂಚೆ ಮಗುವಿನ ವಯಸ್ಸು ಬರೆದು ಇಮೇಲ್‌ನಲ್ಲೇ ಉತ್ತರ ತರಿಸಿಕೊಳ್ಳಿ. ಇದಕ್ಕೆಲ್ಲ ಒಂದು ಸುಲಭದ ದಾರಿ ಇದೆ. ನಾಗರಹೊಳೆ, ಬಂಡೀಪುರದಲ್ಲಿ ನಮ್ಮ ಕಾರನ್ನು ಸಫಾರಿಗೆ ಬಿಡುವುದಿಲ್ಲ ಅಲ್ವಾ? ಅಲ್ಲಿ ಬಿಡುತ್ತಾರೆ. ಬಾಡಿಗೆ ಕಾರಿನಲ್ಲಿ ನೀವೇ ಓಡಿಸಿಕೊಂಡು ಹೋಗಬಹುದು, ಮಗುವಿಗೆ ವಯಸ್ಸಿನ ಮಿತಿ ಇಲ್ಲ, ಅದು ಅತ್ತರೆ ವಾಪಸ್ ರೂಮಿಗೆ ಬರಬಹುದು, ಯಾರನ್ನೂ ಕೇಳಬೇಕಿಲ್ಲ.

ಮಲೇರಿಯಾ ಇಲ್ಲದ ಕಾಡು ಆರಿಸಿ

ಕ್ರೂಗರ್ ಇರುವುದು ಮಲೇರಿಯಾ ಪ್ರದೇಶದಲ್ಲಿ. ಜಿಂಬಾಬ್ವೆ-ಜಾಂಬಿಯಾ ಗಡಿಯ ವಿಕ್ಟೋರಿಯಾ ಜಲಪಾತ, ಪಕ್ಕದ ಬೋಟ್ಸ್ವಾನಾ ದೇಶದ ಸಫಾರಿ ಜಾಗಗಳಾದ ಚೋಬೆ ಮತ್ತು ಒಕಾವಾಂಗೊ ಕೂಡ ಅಷ್ಟೇ. ಸೆಪ್ಟೆಂಬರ್‌ನಿಂದ ಮೇ ತನಕ ಕ್ರೂಗರ್ ಕಡೆ ಅಪಾಯ ಜಾಸ್ತಿ, ನಮ್ಮ ಮಕ್ಕಳ ದೊಡ್ಡ ರಜೆಗಳೆಲ್ಲ ಬರುವುದೂ ಅದೇ ಸಮಯದಲ್ಲಿ. ಮಕ್ಕಳಿಗೆ ಮಾತ್ರೆ ಕೊಡಬಹುದು, ಆದರೆ ಯಾವ ಮಾತ್ರೆ, ಎಷ್ಟು ಅನ್ನುವುದನ್ನು ಮಗುವಿನ ತೂಕ ನೋಡಿ ಡಾಕ್ಟರೇ ಹೇಳಬೇಕು, ಊರಿಗೆ ಬಂದ ಮೇಲೂ ಮುಂದುವರಿಸಬೇಕಾಗುತ್ತದೆ. ಮೂರು ವರ್ಷದ ಮಗುವಿಗೆ ದಿನಾ ಕಹಿ ಮಾತ್ರೆ ನುಂಗಿಸುವುದು ಎಷ್ಟು ಕಷ್ಟ ಅಂತ ಅಪ್ಪ ಅಮ್ಮಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಮಲೇರಿಯಾ ಇಲ್ಲದ ಒಳ್ಳೊಳ್ಳೆಯ ಕಾಡುಗಳು ಇದ್ದೇ ಇವೆ. ಜೊಹಾನ್ಸ್‌ಬರ್ಗ್‌ನಿಂದ ಎರಡೂವರೆ ಗಂಟೆ ದೂರದಲ್ಲಿ ಪಿಲಾನ್ಸ್‌ಬರ್ಗ್. ಬೋಟ್ಸ್ವಾನಾ ಗಡಿಯಲ್ಲಿ ಮಡಿಕ್ವೆ. ಪೂರ್ವ ಕೇಪ್ ಪ್ರಾಂತ್ಯದಲ್ಲಿ ಅಡ್ಡೋ ಆನೆಗಳ ರಾಷ್ಟ್ರೀಯ ಉದ್ಯಾನ. ಚಿಕ್ಕ ಮಕ್ಕಳ ಜೊತೆ ಮೊದಲ ಸಲ ಹೋಗುವವರಿಗೆ ಈ ಮೂರರಲ್ಲಿ ನನ್ನ ಆಯ್ಕೆ ಅಡ್ಡೋ. ಕೇಪ್‌ಟೌನ್‌ಗೆ ಇಳಿದು, ಸಮುದ್ರದ ಬದಿಯಲ್ಲೇ ಪೂರ್ವಕ್ಕೆ ಬಂದು, ಕೊನೆಗೆ ಅಡ್ಡೋ ನೋಡಿ ಗೆಬೆಹಾ ಊರಿಂದ (ಹಿಂದಿನ ಪೋರ್ಟ್ ಎಲಿಜಬೆತ್) ವಿಮಾನ ಹತ್ತಿದರೆ ಒಂದೇ ದಾರಿಯಲ್ಲಿ ಎರಡು ಸಲ ಓಡಾಡುವ ಗೋಳಿಲ್ಲ.

ಯಾವಾಗ ಹೋಗುವುದು?

ಈ ದಾರಿಗೆ ನಮ್ಮ ಏಪ್ರಿಲ್-ಮೇ ರಜೆ ಚೆನ್ನಾಗಿ ಹೊಂದುತ್ತದೆ. ಅಲ್ಲಿನ ಬೇಸಿಗೆಯ ಜೋರು ಗಾಳಿ ಅಷ್ಟೊತ್ತಿಗೆ ಇಳಿದಿರುತ್ತದೆ, ಈಸ್ಟರ್ ಕಳೆದ ಮೇಲೆ ಜನವೂ ಕಡಿಮೆ. ದಸರಾ ರಜೆಯೂ ಒಳ್ಳೆಯದೇ. ಆಗ ಅಲ್ಲಿ ವಸಂತ, ಹರ್ಮಾನಸ್ ಕಡಲತೀರದಲ್ಲಿ ನವೆಂಬರ್ ತನಕ ತಿಮಿಂಗಿಲಗಳು ಕಾಣುತ್ತವೆ, ದಡದ ಮೇಲೆ ನಿಂತೇ ನೋಡಬಹುದು. ಡಿಸೆಂಬರ್ ಮಾತ್ರ ಬೇಡ ಅನ್ನುತ್ತೇನೆ. ಅಲ್ಲಿನ ಶಾಲೆಗಳಿಗೂ ಆಗಲೇ ದೊಡ್ಡ ರಜೆ, ರೂಮು ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಕಾಗದಪತ್ರ: ಇಲ್ಲಿ ಅವಸರ ಬೇಡ

ನಮಗೆ ವೀಸಾ ಬೇಕೇ ಬೇಕು. ಮಕ್ಕಳ ವಿಷಯದಲ್ಲಿ ದಕ್ಷಿಣ ಆಫ್ರಿಕಾ ಬಹಳ ಕಟ್ಟುನಿಟ್ಟು, ಮಕ್ಕಳ ಕಳ್ಳಸಾಗಣೆ ತಡೆಯಲು 2015ರಲ್ಲಿ ತಂದ ನಿಯಮಗಳು ಇದಕ್ಕೆ ಮೂಲ. ಆಮೇಲೆ ಸ್ವಲ್ಪ ಸಡಿಲ ಮಾಡಿದರೂ, ಅಪ್ಪ ಅಮ್ಮ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರವನ್ನು ವೀಸಾ ಅರ್ಜಿಗೆ ಸಿದ್ಧ ಮಾಡಿಕೊಳ್ಳಿ, ಪ್ರಯಾಣದಲ್ಲೂ ಒಂದು ಪ್ರತಿ ಕೈಯಲ್ಲಿರಲಿ. ನಮ್ಮಲ್ಲಿ ಎಷ್ಟೋ ಮಕ್ಕಳ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಇರುವುದಿಲ್ಲ, ನಾಮಕರಣಕ್ಕೂ ಮುಂಚೆ ಮಾಡಿಸಿದ್ದು. ಕೆಲವು ಕಡೆ ಅಪ್ಪನ ಹೆಸರಿನ ಇನಿಷಿಯಲ್ ಪಾಸ್‌ಪೋರ್ಟ್‌ನಲ್ಲಿ ಒಂದು ಥರ, ಅಲ್ಲಿ ಇನ್ನೊಂದು ಥರ. ಇದನ್ನು ಸರಿ ಮಾಡಿಸಲು ವಾರಗಟ್ಟಲೆ ಹಿಡಿಯಬಹುದು, ಆದ್ದರಿಂದ ಇವತ್ತೇ ತೆಗೆದು ನೋಡಿ. ಅಪ್ಪ ಅಥವಾ ಅಮ್ಮ ಒಬ್ಬರೇ ಕರೆದುಕೊಂಡು ಹೋಗುತ್ತಿದ್ದರೆ ಇನ್ನೊಬ್ಬರ ಒಪ್ಪಿಗೆ ಪತ್ರವೂ ಬೇಕು. ಅಜ್ಜ ಅಜ್ಜಿ ಜೊತೆ ಕಳಿಸುವುದಾದರೆ ಇಬ್ಬರದ್ದೂ ಬೇಕು. ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಎರಡು ಖಾಲಿ ಪುಟ ಇರಲಿ. ಮಕ್ಕಳ ಪಾಸ್‌ಪೋರ್ಟ್ ಅವಧಿ ಐದೇ ವರ್ಷ, ಅದನ್ನೂ ನೋಡಿಕೊಳ್ಳಿ.

ಬೆಂಗಳೂರಿನಿಂದ ನೇರ ವಿಮಾನ ಇಲ್ಲ. ಆಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋದರೆ ಕೆಲವೊಮ್ಮೆ ಟಿಕೆಟ್ ಅಗ್ಗ, ಆದರೆ ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ದೇಶಗಳು. ಅಲ್ಲಿನ ನಿಲ್ದಾಣದಲ್ಲಿ 12 ಗಂಟೆಗಿಂತ ಜಾಸ್ತಿ ಕಾದರೆ ದಕ್ಷಿಣ ಆಫ್ರಿಕಾದವರು ಲಸಿಕೆ ಕಾರ್ಡ್ ಕೇಳುತ್ತಾರೆ, ವಾಪಸ್ ಬರುವಾಗ ನಮ್ಮ ಕಡೆಯೂ ಕೇಳಬಹುದು. ಒಂಬತ್ತು ತಿಂಗಳೊಳಗಿನ ಕೂಸಿಗೆ ಆ ಲಸಿಕೆ ಹಾಕುವುದಿಲ್ಲ. ಮಕ್ಕಳಿದ್ದರೆ ದುಬೈ ಅಥವಾ ದೋಹಾ ದಾರಿಯೇ ನೆಮ್ಮದಿ. ಇನ್ನೊಂದು ಮಾತು: ಮಧ್ಯದಲ್ಲಿ ವಿಕ್ಟೋರಿಯಾ ಜಲಪಾತಕ್ಕೆ ಹೋಗಿ ಮತ್ತೆ ಜೊಹಾನ್ಸ್‌ಬರ್ಗ್‌ಗೆ ಬರುವವರು ಒಂದಕ್ಕಿಂತ ಹೆಚ್ಚು ಸಲ ಒಳಗೆ ಬಿಡುವ ವೀಸಾನೇ ಕೇಳಬೇಕು.

ದಾರಿ ಹೀಗಿರಲಿ

ಕೇಪ್‌ಟೌನ್‌ನಲ್ಲಿ ನಾಲ್ಕು ರಾತ್ರಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ, ಇಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಮೂರೂವರೆಗೇ ಎದ್ದು ಕೂರುತ್ತದೆ. ಇದನ್ನು ಪೂರ್ತಿ ಸರಿ ಮಾಡಲು ಹೋಗಬೇಡಿ. ಐದೂವರೆಗೆ ಏಳುವ ಹಾಗೆ ಆದರೆ ಸಾಕು, ಯಾಕೆಂದರೆ ಮುಂದೆ ಕಾಡಿಗೆ ಹೋದಾಗ ಪ್ರಾಣಿಗಳು ಕಾಣುವುದೇ ಬೆಳಗ್ಗೆ. ರಾತ್ರಿ ಊಟ ಆರು ಗಂಟೆಗೇ ಮುಗಿಸಿಬಿಡಿ.

ಟೇಬಲ್ ಮೌಂಟನ್‌ಗೆ ಇಂಥದ್ದೇ ದಿನ ಅಂತ ಇಟ್ಟುಕೊಳ್ಳಬೇಡಿ. ಗಾಳಿ ಜೋರಾದರೆ ಕೇಬಲ್ ಕಾರ್ ನಿಲ್ಲಿಸುತ್ತಾರೆ. ಆಕಾಶ ತಿಳಿಯಾಗಿ ಕಂಡ ಮೊದಲ ಬೆಳಗ್ಗೆಯೇ ಹೋಗಿಬಿಡಿ. ಕೇಬಲ್ ಕಾರಿನ ನೆಲ ತಾನೇ ನಿಧಾನಕ್ಕೆ ತಿರುಗುತ್ತದೆ, ಮಕ್ಕಳನ್ನು ಕಿಟಕಿ ಪಕ್ಕಕ್ಕೆ ತಳ್ಳಾಡುವ ಕೆಲಸವೇ ಇಲ್ಲ. ಸೈಮನ್ಸ್ ಟೌನ್ ಹತ್ತಿರದ ಬೌಲ್ಡರ್ಸ್ ಬೀಚ್‌ನಲ್ಲಿ ಆಫ್ರಿಕನ್ ಪೆಂಗ್ವಿನ್‌ಗಳು ಮರದ ಹಲಗೆ ಹಾಸಿದ ದಾರಿಯ ಪಕ್ಕದಲ್ಲೇ ಗೂಡು ಮಾಡಿಕೊಂಡಿವೆ. ಮುದ್ದಾಗಿ ಕಂಡರೂ ಕಚ್ಚುತ್ತವೆ, ಕೈ ಚಾಚಲು ಬಿಡಬೇಡಿ. 2024ರಲ್ಲಿ ಇವುಗಳನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದಾರೆ. ದೊಡ್ಡ ಮಕ್ಕಳಿಗೆ ಅದನ್ನು ಹೇಳಿ ಕರೆದುಕೊಂಡು ಹೋದರೆ ಅವರು ನೋಡುವ ರೀತಿಯೇ ಬೇರೆ ಇರುತ್ತದೆ. ಮಳೆ ಬಂದ ದಿನಕ್ಕೆ ಬಂದರಿನ ಟೂ ಓಷನ್ಸ್ ಅಕ್ವೇರಿಯಂ ಇದೆ.

ಆಮೇಲೆ ಎನ್2 ಹೆದ್ದಾರಿ. ಗೆಬೆಹಾ ತನಕ ಸುಮಾರು 750 ಕಿಲೋಮೀಟರ್, ಒಂದೇ ದಿನಕ್ಕೆ ಆಸೆ ಪಡಬೇಡಿ. ದಿನಕ್ಕೆ ಮೂರು ಗಂಟೆಗಿಂತ ಜಾಸ್ತಿ ಓಡಿಸದ ಹಾಗೆ ಸ್ವೆಲ್ಲೆಂಡಾಮ್, ವೈಲ್ಡರ್‌ನೆಸ್ ಅಥವಾ ನೈಸ್ನಾ, ಸಿಟ್ಸಿಕಾಮಾ ಅಂತ ನಿಲ್ಲುತ್ತಾ ಬನ್ನಿ. ಸಿಟ್ಸಿಕಾಮಾದಲ್ಲಿ ಸ್ಟಾರ್ಮ್ಸ್ ನದಿ ಸಮುದ್ರ ಸೇರುವ ಕಡೆ ತೂಗುಸೇತುವೆ ಇದೆ, ಅಲ್ಲಿಗೆ ಹೋಗುವ ದಾರಿ ಪುಟ್ಟ ಕಾಲುಗಳಿಗೂ ಆಗುವಷ್ಟೇ ಉದ್ದ, ಮೆಟ್ಟಿಲು ಮಾತ್ರ ಇವೆ.

ಕೊನೆಗೆ ಅಡ್ಡೋದಲ್ಲಿ ಮೂರು ರಾತ್ರಿ, ಉದ್ಯಾನದ ಒಳಗೇ. ಈ ಜಾಗದ ಕತೆ ದೊಡ್ಡದು. ಬೇಟೆಯಿಂದ ಆನೆಗಳು ಮುಗಿದೇ ಹೋಗುವ ಸ್ಥಿತಿಯಲ್ಲಿ, 11 ಮಾತ್ರ ಉಳಿದಿದ್ದಾಗ, 1931ರಲ್ಲಿ ಇದನ್ನು ಕಟ್ಟಿದರು. ಈಗ 600ಕ್ಕೂ ಹೆಚ್ಚಿವೆ. ಆಫ್ರಿಕಾದಲ್ಲಿ ಹೆಣ್ಣಾನೆಗೂ ದಂತ ಇರುತ್ತದೆ, ಇಲ್ಲಿ ಮಾತ್ರ ಬಹುಪಾಲು ಹೆಣ್ಣಾನೆಗಳಿಗೆ ಇಲ್ಲ, ಯಾಕೆಂದರೆ ಹೆಚ್ಚುಕಡಿಮೆ ಎಲ್ಲವೂ ಆ ಉಳಿದ ಕೆಲವೇ ಆನೆಗಳ ಸಂತತಿ. ಕಬಿನಿಯಲ್ಲಿ ಆನೆ ನೋಡಿದ ಮಕ್ಕಳಿಗೆ ಹೆಣ್ಣಾನೆಗೆ ದಂತ ಯಾಕಿಲ್ಲ ಅನ್ನುವ ಪ್ರಶ್ನೆ ಹೊಳೆದೇ ಹೊಳೆಯುತ್ತದೆ.

ಉದ್ಯಾನದೊಳಗೆ ಕಿತ್ತಳೆ, ಮೋಸಂಬಿ ತರುವಂತಿಲ್ಲ. ಹಿಂದೆ ಆನೆಗಳಿಗೆ ಆ ಹಣ್ಣು ಹಾಕಿ ರೂಢಿ ಮಾಡಿಸಿದ್ದರು, ವಾಸನೆಗೆ ಕಾರಿನ ಹತ್ತಿರವೇ ಬರುತ್ತಿದ್ದವು. ತಿಂಡಿ ಚೀಲದಲ್ಲಿ ಇದ್ದರೆ ಗೇಟಿಗೂ ಮುಂಚೆ ತಿಂದು ಮುಗಿಸಿ. ರಸ್ತೆ ಮೇಲಿನ ಲದ್ದಿಯ ಮೇಲೂ ಕಾರು ಹತ್ತಿಸಬಾರದು. ಹಾರಲು ಬಾರದ ಸಗಣಿ ಹುಳಗಳು ಅದರಲ್ಲಿರುತ್ತವೆ, ಅವು ದಾಟುವ ತನಕ ಕಾಯಬೇಕು. ಮಕ್ಕಳಿಗೆ ಸಿಂಹಕ್ಕಿಂತ ಇದೇ ಜಾಸ್ತಿ ಇಷ್ಟವಾದರೂ ಆಶ್ಚರ್ಯವಿಲ್ಲ. ಬೆಳಗ್ಗೆ ಎರಡು ಗಂಟೆ ಸುತ್ತಿ, ಮಧ್ಯಾಹ್ನ ನಿದ್ದೆ ಮಾಡಿಸಿ, ಸಂಜೆ ಮತ್ತೆ ಒಂದು ಗಂಟೆ ಹೋಗಿ. ಅಷ್ಟು ಸಾಕು. ಕ್ಯಾಂಪಿನ ಪಕ್ಕದಲ್ಲೇ ನೀರಿನ ಹೊಂಡ ಇದೆ, ಕಾರು ಬೇಡ ಅನಿಸಿದಾಗ ಅಲ್ಲೇ ಕೂತು ನೋಡಬಹುದು.

ಕಾರು, ಊಟ, ಚೀಲ

ಅಲ್ಲಿಯೂ ಎಡಗಡೆಯೇ ಓಡಿಸುವುದು, ಅದು ದೊಡ್ಡ ಅನುಕೂಲ. ಮೂರು ವರ್ಷದೊಳಗಿನ ಮಗುವಿಗೆ ಚೈಲ್ಡ್ ಸೀಟ್ ಕಾನೂನು ಪ್ರಕಾರ ಕಡ್ಡಾಯ, ಅದಕ್ಕಿಂತ ದೊಡ್ಡ ಮಕ್ಕಳಿಗೂ ಹಾಕಿಸಿ, ಕಾರಿನ ಜೊತೆಗೇ ಬುಕ್ ಮಾಡಿ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಓಡಿಸಬೇಡಿ. ಊರೊಳಗೆ ಸಿಗ್ನಲ್‌ನಲ್ಲಿ ನಿಂತಾಗ ಕಿಟಕಿ ಏರಿಸಿರಲಿ, ಬ್ಯಾಗ್, ಫೋನ್ ಹೊರಗೆ ಕಾಣಬಾರದು.

ಸಸ್ಯಾಹಾರಿಗಳು ಅಡುಗೆಮನೆ ಇರುವ ಕಾಟೇಜ್ ತೆಗೆದುಕೊಳ್ಳಿ. ಅಕ್ಕಿ, ಮೊಸರು, ಬೇಳೆ, ತರಕಾರಿ ಎಲ್ಲ ಸೂಪರ್ ಮಾರ್ಕೆಟ್‌ನಲ್ಲಿ ಸಿಗುತ್ತದೆ. ಸಾರಿನ ಪುಡಿ ಮನೆಯಿಂದ ಇರಲಿ, ಒಂದು ಹಿಡಿ ಅನ್ನ ಸಾರು ಹೊಟ್ಟೆಗೆ ಬಿದ್ದರೆ ಮಕ್ಕಳ ಅರ್ಧ ರಗಳೆ ಕಡಿಮೆ.

ಮೇ ತಿಂಗಳ ಬೆಳಗಿನ ಕಾಡು ಚಳಿ ಚಳಿ, ಸ್ವೆಟರ್, ಟೋಪಿ ಬೇಕು. ಅಲ್ಲಿನ ಪ್ಲಗ್ಗು ನಮ್ಮ ಗೀಸರ್, ಏಸಿಗೆ ಬಳಸುವ ಮೂರು ದಪ್ಪ ಪಿನ್ನಿನದ್ದೇ. ಆ ದಪ್ಪ ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡ್ ಒಂದನ್ನು ಇಲ್ಲಿಂದಲೇ ತೆಗೆದುಕೊಂಡು ಹೋದರೆ ಮನೆಮಂದಿಯ ಫೋನ್, ಕ್ಯಾಮೆರಾ, ರೈಸ್ ಕುಕ್ಕರ್ ಎಲ್ಲಕ್ಕೂ ಆಗುತ್ತದೆ.